ಆರು ಕುರ್ಚಿ, ಕೂರುವಂತಿಲ್ಲ

ಕುರ್ಚಿ, ಮೇಜು, ಮಂಚಗಳಿಗೆ ಪಾಲಿಶ್ ಹೊಡೆಯುವ ಹೊಳಪಪ್ಪ ಆ ವರ್ಷ ಎಲೆ ಉದುರುವ ಕಾಲ ಬರುತ್ತಿದ್ದಂತೆ ಒಂದು ಶಪಥ ಮಾಡಿದ. ಸಣ್ಣಪುಟ್ಟ ಶಪಥವಲ್ಲ. ಊಟವನ್ನು ಅರ್ಧಕ್ಕೇ ನಿಲ್ಲಿಸಿ, ಚಮಚವನ್ನು ಗದೆಯಂತೆ ಎತ್ತಿ ಹಿಡಿದು ಮಾಡಿದ ಶಪಥ.

“ಈ ಚಳಿಗಾಲ ನಿಮ್ಮಮ್ಮ ನಮ್ಮನೇಲೇ ಇರ್ತಾರೆ. ಹಾಗಾಗದಿದ್ರೆ ನಾನು ಬ್ರಶ್ ಹಿಡಿಯೋದೇ ಬಿಟ್ಟುಬಿಡ್ತೀನಿ.”

“ಮೊದ್ಲು ಚಮಚ ಇಳಿಸಿ. ಸೂಪು ತೊಟ್ಟಿಕ್ತಿದೆ” ಅಂದಳು ಹೆಂಡತಿ.

ಹೊಳಪಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಕೊಟ್ಟದ್ದು. ಅವನ ಕೈಗೆ ಸಿಕ್ಕ ಮರ ಹೊಳೆಯದೆ ಹಿಂತಿರುಗಿದ್ದೇ ಇಲ್ಲ. ಅವನು ಪಾಲಿಶ್ ಮಾಡಿದ ಮೇಜಿನ ಮೇಲೆ ಬಗ್ಗಿ ವಕೀಲರೊಬ್ಬರು ದಿನಾ ಮೀಸೆ ತೀಡಿಕೊಳ್ಳುತ್ತಿದ್ದರಂತೆ. ಇದನ್ನು ಹೇಳಿದವನೂ ಹೊಳಪಪ್ಪನೇ ಆದ್ದರಿಂದ ಎಷ್ಟು ನಂಬಬೇಕೋ ಅಷ್ಟು ನಂಬಿದರೆ ಸಾಕು.

ಮನೆಯಲ್ಲಿದ್ದ ಆರು ಕುರ್ಚಿಗಳ ಕಥೆ ಮಾತ್ರ ಬೇರೆ. ಮದುವೆಯಾದ ಹೊಸದರಲ್ಲಿ ಕೊಂಡ ಕುರ್ಚಿಗಳವು. ಅವತ್ತಿನಿಂದ ಅವುಗಳ ಸರದಿ ಬರುವುದು ಗಿರಾಕಿಗಳ ಕೆಲಸ ಮುಗಿದ ಮೇಲೆ ಎಂದಾಗಿತ್ತು, ಗಿರಾಕಿಗಳ ಕೆಲಸ ಯಾವತ್ತೂ ಮುಗಿದಿರಲಿಲ್ಲ. ಬಣ್ಣವೆಲ್ಲ ಹೋಗಿ, ಅಂಚು ಸಿಬಿರೆದ್ದು, ಅವು ನೀರಿನಲ್ಲಿ ಕೊಚ್ಚಿಕೊಂಡು ಬಂದ ಸೌದೆಯ ಹಾಗೆ ಕಾಣುತ್ತಿದ್ದವು. ಊರಿನವರ ಕುರ್ಚಿಯಲ್ಲೆಲ್ಲ ಮುಖ ಕಾಣುತ್ತದೆ, ನಮ್ಮ ಕುರ್ಚಿಗೆ ಮುಖ ತೋರಿಸುವುದಕ್ಕೇ ನಾಚಿಕೆಯಾಗುತ್ತದೆ ಎಂದು ಹೆಂಡತಿ ಆಗಾಗ ಚುಚ್ಚುತ್ತಿದ್ದಳು. ಹೊಳಪಪ್ಪ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

ಅತ್ತೆಯವರದು ಗಟ್ಟಿ ಜೀವ. ಬಿಸಿಲಿರುವ ತಿಂಗಳುಗಳಲ್ಲೆಲ್ಲ ತಮ್ಮ ಪುಟ್ಟ ಮನೆಯಲ್ಲಿ ತಾವೇ ಬೇಯಿಸಿಕೊಂಡು, ಯಾರ ಹಂಗೂ ಇಲ್ಲದೆ ಇರುತ್ತಿದ್ದರು. ಬೀದಿಯ ಮರಗಳು ಹಳದಿಯಾಗಿ, ಗಾಳಿ ತಣ್ಣಗಾಗಿ, ಮೆಟ್ಟಿಲು ಹತ್ತುವಾಗ ಮಂಡಿ ಮಾತಾಡಲು ಶುರುವಾದಾಗ ಮಾತ್ರ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳ ಮನೆಗೆ ಚಳಿಗಾಲ ಕಳೆಯಲು ಬರುತ್ತಿದ್ದರು. ಅವರ ಹುಟ್ಟಿದ ದಿನವೂ ಅದೇ ಸಮಯಕ್ಕೆ ಬೀಳುತ್ತಿತ್ತು. ಆ ದಿನ ಇಡೀ ಸಂಸಾರ ಒಂದೆಡೆ ಸೇರಿ ಉಂಡ ಮೇಲೆ, ಅತ್ತೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಈ ಸಲ ಯಾರ ಮನೆ ಎಂದು ಸಾರುತ್ತಿದ್ದರು. ಪೆಟ್ಟಿಗೆಯನ್ನು ಕಟ್ಟಿಕೊಂಡೇ ಬಂದಿರುತ್ತಿದ್ದರು. ಆ ಪೆಟ್ಟಿಗೆ ಈವರೆಗೆ ಹೋದದ್ದೆಲ್ಲ ದೊಡ್ಡ ಮಗಳ ಮನೆಗೇ.

ಕಿರಿಯವಳು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಪ್ರತಿವರ್ಷ ಎಲೆ ಹಳದಿಯಾಗುವಾಗ ಹಿಂದಿನ ಚಿಕ್ಕ ಕೋಣೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ಮಂಚಕ್ಕೆ ಹೊಸ ಹೊದಿಕೆ ಹೊದಿಸಿ, ದೀಪವನ್ನು ತಲೆದಿಂಬಿನ ಕಡೆ ತಿರುಗಿಸಿ ಇಡುತ್ತಿದ್ದಳು. ಹುಟ್ಟುಹಬ್ಬದ ಮರುದಿನ ಆ ಹೊದಿಕೆ ಮಡಿಚಿ ಒಳಗಿಡುತ್ತಿದ್ದಳು. ಹೊಳಪಪ್ಪ ಇದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ, ಯಾಕೆಂದರೆ ತಪ್ಪು ತನ್ನದೇ ಎಂಬ ಅನುಮಾನ ಅವನಿಗಿತ್ತು. ಹಿಂದಿನ ವರ್ಷ ಹೊಳಪಪ್ಪನ ಮನೆಯಲ್ಲೇ ಔತಣ ನಡೆದಾಗ ಅತ್ತೆಯ ಹೊಸ ಶಾಲು ಕುರ್ಚಿಯ ಸಿಬಿರಿಗೆ ಸಿಕ್ಕಿಕೊಂಡು ಮೊಳದುದ್ದ ದಾರ ಹೊರಗೆ ಬಂದಿತ್ತು. ಅತ್ತೆ ಬೈಯಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, “ಪಾಲಿಶ್ ಮಾಡೋರ ಮನೆ ಕುರ್ಚಿ” ಎಂದಷ್ಟೇ ಹೇಳಿ ಸುಮ್ಮನಾದರು. ಬೈದಿದ್ದರೆ ಅವನು ಮರೆತುಬಿಡುತ್ತಿದ್ದ. ಸುಮ್ಮನಾದದ್ದು ವರ್ಷವಿಡೀ ಕೊರೆಯಿತು.

ಈ ಸಲವೂ ಔತಣ ತಮ್ಮ ಮನೆಯಲ್ಲೇ ಆಗಲಿ ಎಂದು ಹೊಳಪಪ್ಪ ಹಟ ಹಿಡಿದ. ಅತ್ತೆಯ ಕಣ್ಣಿಗೆ ಮೊದಲು ಬೀಳುವುದು ಕುರ್ಚಿ. ಕುರ್ಚಿ ಹೊಳೆಯಿತೆಂದರೆ ಮುಗಿಯಿತು, ಪೆಟ್ಟಿಗೆ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ ಎಂದು ಅವನ ಲೆಕ್ಕ.

ಲೆಕ್ಕವೇನೋ ಸರಿಯಾಗಿತ್ತು, ಕಾಲ ಕೂಡಿಬರಲಿಲ್ಲ. ಚಳಿ ಬರುವ ಮುಂಚೆ ಎಲ್ಲರಿಗೂ ಮನೆಯ ಮೇಜು ಕುರ್ಚಿ ನೆನಪಾಗುತ್ತದೆ. ಅಂಗಡಿಯಲ್ಲಿ ಕೆಲಸ ಅಟ್ಟದವರೆಗೆ ಪೇರಿಕೊಂಡಿತ್ತು. ಮನೆಯ ಕುರ್ಚಿಗಳಿಗೆ ಕೈ ಹಚ್ಚಲು ಅವನಿಗೆ ಪುರುಸೊತ್ತಾದದ್ದು ಔತಣದ ಹಿಂದಿನ ದಿನ ಬೆಳಗ್ಗೆ. ಆದರೇನು, ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಸಿಬಿರನ್ನೆಲ್ಲ ತೆಗೆದ. ಮೈದಾನದ ಧೂಳೆಲ್ಲ ತನ್ನ ತಲೆಯ ಮೇಲೇ ಕೂತಿದೆ ಎನ್ನುವ ಹಾಗೆ ಬೆಳ್ಳಗಾದ. ಆಮೇಲೆ ಒಂದು ಕೋಟು ವಾರ್ನಿಷ್ ಬಳಿದ. ಬ್ರಶ್ ತೊಳೆಯುವ ಮುಂಚೆ ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುವುದು ಕಾಣಿಸಿತು. ಹಾಳು ಮಾಡುವುದೇಕೆಂದು ಅಡುಗೆಮನೆಯ ಸ್ಟೂಲಿಗೂ ಬಳಿದ.

ಬೇಸಿಗೆಯಲ್ಲಿ ಆ ವಾರ್ನಿಷ್ ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಒಣಗುತ್ತದೆ. ಇದು ಬೇಸಿಗೆಯಲ್ಲ. ಸೂರ್ಯ ಮಧ್ಯಾಹ್ನವೇ ಕೋಟು ಹಾಕಿಕೊಂಡು ಮನೆಗೆ ಹೊರಡುವ ಕಾಲ. ಹೊರಗೆ ಮಂಜು, ಒಳಗೆ ತೇವ. ಔತಣದ ದಿನ ಬೆಳಗ್ಗೆ ಮುಟ್ಟಿ ನೋಡಿದರೆ ವಾರ್ನಿಷ್ ಇನ್ನೂ ಬೆರಳನ್ನು ಪ್ರೀತಿಯಿಂದ ಹಿಡಿದುಕೊಳ್ಳುತ್ತಿತ್ತು. ಗಾಳಿಯಾಡಿದರೆ ಆಯಿತು ಎಂದುಕೊಂಡ ಹೊಳಪಪ್ಪ, ಹೆಂಡತಿ ಕೇಕು ತರಲು ಹೊರಟ ಕೂಡಲೇ ಊಟದ ಕೋಣೆಯ ಕಿಟಕಿಗಳನ್ನೆಲ್ಲ ಹಾರುಹೊಡೆದು, ಗಿರಾಕಿಯೊಬ್ಬರಿಗೆ ಮೇಜು ತಲುಪಿಸಿ ಬರಲು ತಾನೂ ಹೊರಟ.

ಅವರ ಮನೆಯ ಕಿಟಕಿಗೆ ಸರಿಯಾಗಿ ಬೀದಿಯ ದೊಡ್ಡ ಮರವೊಂದು ನಿಂತಿತ್ತು. ಆ ಮರ ಬೇಸಿಗೆಯಲ್ಲಿ ಎಷ್ಟು ನೆರಳು ಕೊಡುತ್ತಿತ್ತೋ ಈ ಕಾಲದಲ್ಲಿ ಅಷ್ಟೇ ಎಲೆ ಉದುರಿಸುತ್ತಿತ್ತು. ಹೊಳಪಪ್ಪ ಹಿಂತಿರುಗಿ ಬಂದು ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತ. ಗಾಳಿ ಬಂದಿತ್ತು. ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಸೀಟು, ಬೆನ್ನು, ಕೈ, ಕಾಲು ಎನ್ನದೆ ಆರೂ ಕುರ್ಚಿಗಳ ಮೈತುಂಬ ಹಳದಿ ಎಲೆ ಅಂಟಿಕೊಂಡಿತ್ತು. ಮರವಾಗಿದ್ದ ಕಾಲ ನೆನಪಾಗಿ ಕುರ್ಚಿಗಳೆಲ್ಲ ಮತ್ತೆ ಚಿಗುರಿದಂತಿದ್ದವು.

ಒಂದೊಂದೇ ಎಲೆಯನ್ನು ಉಗುರಿನಿಂದ ಬಿಡಿಸಿದ. ಎಲೆ ಬಂತು, ಗುರುತು ಬರಲಿಲ್ಲ. ನರನರವೂ ಅಚ್ಚೊತ್ತಿದಂತೆ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗೇ ಇದೆಯಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಹೊಳಪಪ್ಪನ ರಕ್ತದಲ್ಲಿ ಅದಿಲ್ಲ. ಡಬ್ಬಿ ಮುಚ್ಚಳ ಮತ್ತೆ ತೆರೆಯಿತು. ಗುರುತು ಮುಚ್ಚಬೇಕಲ್ಲ, ಎರಡು ಕೋಟಿನಷ್ಟು ದಪ್ಪದ ಒಂದು ಕೋಟು ಬಳಿದ. ಸಂಜೆಯ ಹೊತ್ತಿಗೆ ಒಣಗಿಯೇ ಒಣಗುತ್ತದೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡು, ಈ ಸಲ ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ.

ಹೆಂಡತಿ ಕೇಕಿನ ಡಬ್ಬಿ ಹಿಡಿದು ಒಳಗೆ ಬಂದಳು. ಕುರ್ಚಿಗಳನ್ನು ನೋಡಿ ಕಾಲು ಕಟ್ಟಿದಂತೆ ನಿಂತಳು. ಕಿಟಕಿಯ ಬೆಳಕು ಆರೂ ಬೆನ್ನುಗಳ ಮೇಲೆ ಜೇನಿನ ಹಾಗೆ ಇಳಿಯುತ್ತಿತ್ತು.

“ಇವು ನಮ್ಮ ಕುರ್ಚಿಗಳೇನ್ರೀ?”

“ಮತ್ತಿನ್ಯಾರವು?”

ಅವಳು ಕುರ್ಚಿಯೊಂದರ ಮುಂದೆ ಬಗ್ಗಿ ತನ್ನ ಮುಖ ನೋಡಿಕೊಂಡಳು. ಆಮೇಲೆ ಮೆಲ್ಲಗೆ, “ನೀವು ದೊಡ್ಡ ಕೆಲಸಗಾರರು ಅಂತ ಎಲ್ರೂ ಹೇಳ್ತಿದ್ರು. ನಾನೇ ನೋಡಿರ್ಲಿಲ್ಲ” ಅಂದಳು.

ಹೀಗೆ ಹೇಳಿದ ಹೆಂಡತಿಗೆ, ನೋಡು, ಒಣಗಿಲ್ಲ, ಕೂರುವ ಹಾಗಿಲ್ಲ ಎಂದು ಯಾವ ಗಂಡ ಹೇಳಿಯಾನು? ಇಷ್ಟು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ. ಹೊಳಪಪ್ಪ ಅದನ್ನು ನುಂಗಿಕೊಂಡ, ನಿಜವನ್ನೂ ಅದರ ಜೊತೆಗೇ ನುಂಗಿಕೊಂಡ. ಕುರ್ಚಿ ಮುಟ್ಟಬೇಡ, ಬೆರಳಿನ ಗುರುತು ಬೀಳುತ್ತದೆ, ಅಮ್ಮನೇ ಮೊದಲು ಮುಟ್ಟಲಿ ಎಂದಷ್ಟೇ ಹೇಳಿದ. ಅವಳಿಗೆ ಆ ಮಾತೂ ಹಿತವಾಗಿಯೇ ಕೇಳಿಸಿತು.

ನೆಂಟರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಮೊದಲು ಅತ್ತೆ, ಮೈಮೇಲೆ ದಪ್ಪ ಉಣ್ಣೆಯ ಹೊಸ ಉಡುಪು. ಹಿಂದೆ ಹೆಂಡತಿಯ ಅಕ್ಕ, ಆ ಉಡುಪನ್ನು ತಾನೇ ಎರಡು ತಿಂಗಳು ಕೂತು ಹೆಣೆದದ್ದೆಂದು ಬಾಗಿಲಲ್ಲೇ ತಿಳಿಸುತ್ತಾ. ಕೊನೆಯಲ್ಲಿ ಅಕ್ಕನ ಗಂಡ, ಅಂದರೆ ಹೊಳಪಪ್ಪನ ಷಡ್ಡಕ. ಇವನು ಭಾವ ಎಂದೇ ಕರೆಯುವುದು. ಭಾವನವರು ಟ್ರಾಫಿಕ್ ಪೊಲೀಸು. ಬೆಳಗ್ಗೆಯಿಂದ ಸಂಜೆಯವರೆಗೆ ನಾಲ್ಕು ರಸ್ತೆ ಸೇರುವಲ್ಲಿ ನಿಂತು, ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರು. ಅವರಿಗೆ ಕೇಕು ಬೇಕಿರಲಿಲ್ಲ, ಊಟವೂ ಅಷ್ಟೊಂದು ಬೇಕಿರಲಿಲ್ಲ. ಅವರ ದೊಡ್ಡ ಶರೀರದ ಒಂದೇ ಒಂದು ಆಸೆಯೆಂದರೆ ಎಲ್ಲಾದರೂ ಕೂರುವುದು.

ಕುರ್ಚಿಗಳನ್ನು ನೋಡಿ ಎಲ್ಲರೂ ಬೆರಗಾದರು. ಅಕ್ಕನ ಬಾಯಿಂದಲೂ ಒಂದು ‘ಪರವಾಗಿಲ್ವೇ’ ಹೊರಬಿತ್ತು. ಅತ್ತೆ ಕುರ್ಚಿಗಳ ಸುತ್ತ ಒಂದು ಸುತ್ತು ಹಾಕಿ, ಅಳಿಯನ ಮುಖ ನೋಡಿ ತಲೆಯಾಡಿಸಿದರು. ಹೊಳಪಪ್ಪನ ಎದೆ ಉಬ್ಬಿತು. ಅದೇ ಗಳಿಗೆಯಲ್ಲಿ ಅವನು ಬೆನ್ನ ಹಿಂದೆ ಕೈ ಒಯ್ದು ಹತ್ತಿರದ ಸೀಟಿಗೆ ಬೆರಳು ತಾಗಿಸಿದ. ಬೆರಳು ಅಲ್ಲೇ ಉಳಿಯಲು ನೋಡಿತು. ಉಬ್ಬಿದ ಎದೆ ಇಳಿಯಿತು.

ಭಾವ ಅಷ್ಟರಲ್ಲಿ ಕುರ್ಚಿಯೊಂದಕ್ಕೆ ಬೆನ್ನು ತಿರುಗಿಸಿ ಅರ್ಧ ಬಗ್ಗಿದ್ದರು.

“ಭಾವ, ಭಾವ, ಕಿಟಕಿ ಹತ್ರ ಬನ್ನಿ. ನಮ್ಮ ಮರ ನೋಡಿಲ್ಲ ನೀವು.”

ಭಾವ ಮರ ನೋಡಿದರು. ಮರ ಚೆನ್ನಾಗಿತ್ತು. ನೋಡಿಯಾದ ಮೇಲೆ ಮತ್ತೆ ಬಗ್ಗಿದರು. ಹೊಳಪಪ್ಪ ಅವರನ್ನು ತಡೆದು ಅಡುಗೆಮನೆಯ ಹೊಸ ನಲ್ಲಿ ತೋರಿಸಲು ಕರೆದೊಯ್ದ. ಆಮೇಲೆ ಗೋಡೆಯ ಮೇಲಿದ್ದ ಫೋಟೋಗಳನ್ನು ಒಂದೊಂದಾಗಿ ವಿವರಿಸಿದ. ಅದರಲ್ಲಿ ಭಾವನ ಮದುವೆಯ ಫೋಟೋವೂ ಇತ್ತು. ಮದುಮಗನ ಪಕ್ಕದಲ್ಲಿರುವವರು ಯಾರು ಎಂದು ಭಾವನಿಗೇ ಹೇಳಿಕೊಟ್ಟ. ಅದೂ ಮುಗಿದ ಮೇಲೆ, ಅತ್ತೆಯವರ ಆರೋಗ್ಯಕ್ಕಾಗಿ ಎಲ್ಲರೂ ನಿಂತು ಎರಡು ಮಾತಾಡಬೇಕು ಎಂದು ಸೂಚಿಸಿದ. ಎರಡು ಮಾತು ಎಂದವನು ತಾನೇ ಶುರುಮಾಡಿ, ಅತ್ತೆಯವರ ಬಾಲ್ಯದಿಂದ ಹಿಡಿದು ಅವರ ಮಂಡಿಯವರೆಗೆ ಒಂದನ್ನೂ ಬಿಡದೆ ಹೊಗಳಿದ. ಅಕ್ಕ ಆಕಳಿಸಿದಳು. ಭಾವ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಕುರ್ಚಿಗಳತ್ತ ನೋಡುತ್ತಿದ್ದ ನೋಟ ಕಲ್ಲನ್ನೂ ಕರಗಿಸುವಂತಿತ್ತು. ವಾರ್ನಿಷನ್ನು ಮಾತ್ರ ಒಣಗಿಸಲಿಲ್ಲ.

ಹೆಂಡತಿಗೆ ವಾಸನೆ ಬಡಿಯಿತು. ವಾರ್ನಿಷಿನದಲ್ಲ, ಅದು ಆ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

“ಭಾವನ್ನ ಯಾಕ್ರೀ ಕೂರೋಕೆ ಬಿಡ್ತಿಲ್ಲ?”

“ಬಿಡ್ತಿಲ್ಲ ಅಂತ ಯಾರಂದ್ರು? ಅವರೇ ನಿಂತಿದಾರೆ.”

“ರೀ.”

ಆ ‘ರೀ’ ಕೇಳಿದ ಮೇಲೆ ಸುಳ್ಳು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

“ಒಣಗಿಲ್ಲ” ಅಂದ ಹೊಳಪಪ್ಪ.

“ಎಷ್ಟು ಒಣಗಿಲ್ಲ?”

“ಎಷ್ಟೂ ಒಣಗಿಲ್ಲ.”

“ಆರೂ?”

“ಆರೂ. ಸ್ಟೂಲೂ.”

ಅವಳು ಸ್ಟೂಲಿನ ಮೇಲಿಟ್ಟಿದ್ದ ಕೇಕಿನ ಡಬ್ಬಿಯನ್ನು ಎತ್ತಿ ನೋಡಿದಳು. ಸ್ಟೂಲೂ ಜೊತೆಗೆ ಎದ್ದುಬಂತು. ಎರಡನ್ನೂ ಹಾಗೇ ನೆಲದ ಮೇಲೆ ಇಳಿಸಿ, ದಪ್ಪ ಬಟ್ಟೆ ಹಾಸಿ ಕೂರಿಸೋಣ ಅಂದಳು.

“ಬಟ್ಟೆಯಾ? ಹಸಿ ವಾರ್ನಿಷ್ ಮೇಲಾ? ನೂಲಿನ ಗುರುತೆಲ್ಲ ಅದರ ಮೇಲೆ ಕೂತ್ಬಿಡುತ್ತೆ.”

“ಯಾರಾದ್ರೂ ಕೂತ್ಕೊಳ್ಳಲಿ ಅಂತಾನೇ ಅಲ್ವೇನ್ರೀ ಕುರ್ಚಿ ಮಾಡಿರೋದು?”

ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತನ್ನಿ ಎಂದಳು. ಪಾಲಿಶ್ ಮಾಡುವವನು ಕುರ್ಚಿ ಸಾಲ ಕೇಳಿದನೆಂದರೆ ನಾಳೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆಂದು ಗೊಣಗಿಕೊಂಡೇ ಹೋದ. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಮೇಲಿನ ಮನೆಯವರೂ ಊರಲ್ಲಿರಲಿಲ್ಲ. ರಜೆಯ ದಿನ, ಎಲ್ಲರೂ ಯಾರ ಯಾರದೋ ಮನೆಗೆ ಹೋಗಿ ಆರಾಮವಾಗಿ ಕೂತಿದ್ದಿರಬೇಕು. ಹೊಳಪಪ್ಪ ಬರಿಗೈಯಲ್ಲಿ ಬಂದ. ಅಮ್ಮನನ್ನಾದರೂ ಒಳಕೋಣೆಯ ಮಂಚದ ಮೇಲೆ ಕೂರಿಸೋಣವೇ ಎಂದು ಕೇಳಿದ. ಹುಟ್ಟುಹಬ್ಬದ ದಿನ ಅಮ್ಮನನ್ನು ರೋಗಿಯ ಹಾಗೆ ಮಂಚದ ಮೇಲೆ ಕೂರಿಸಿ ಊಟ ಕೊಡಬೇಕೇ ಎಂದು ಅವಳು ಕಣ್ಣು ಕೆಂಪು ಮಾಡಿದಳು. ಆಮೇಲೆ ಆ ಕಣ್ಣು ಒದ್ದೆಯೂ ಆಯಿತು.

“ಒಂದು ಚಳಿಗಾಲ. ಒಂದೇ ಒಂದು ಚಳಿಗಾಲ ಅಮ್ಮ ನನ್ನ ಜೊತೆ ಇರ್ಲಿ ಅಂತ ಕಾಯ್ತಿದೀನಿ. ನೀವು ನೋಡಿದ್ರೆ ಕುರ್ಚಿ ಕಾಯ್ತಿದೀರ.”

ಹೊಳಪಪ್ಪ ತಲೆ ತಗ್ಗಿಸಿದ. ಅವಳು ಮುಖ ಒರೆಸಿಕೊಂಡು, ತಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡು ಹೊರಗೆ ಹೋದಳು. ಈಗ ದೊಡ್ಡ ದೊಡ್ಡ ಔತಣಗಳಲ್ಲೆಲ್ಲ ಬಫೆ ಪದ್ಧತಿ, ನಾವೂ ಈ ಸಲ ಹಾಗೇ ನಿಂತುಕೊಂಡು ಊಟ ಮಾಡೋಣ, ತಿಂದದ್ದು ಚೆನ್ನಾಗಿ ಜೀರ್ಣವಾಗುತ್ತದೆ ಎಂದು ನಗುನಗುತ್ತಾ ಘೋಷಿಸಿದಳು.

“ನಂದು ಬೆಳಗ್ಗೆಯಿಂದ ಬಫೆನೇ ನಡೀತಿದೆಯಮ್ಮ” ಅಂದರು ಭಾವ.

ಆದರೂ ತಟ್ಟೆ ತೆಗೆದುಕೊಂಡರು. ಅಕ್ಕ ಗೋಡೆಗೊರಗಿ, ತಂಗಿಯ ಮನೆಯ ಹೊಸ ನಾಗರಿಕತೆಯನ್ನು ಹುಬ್ಬೇರಿಸಿ ನೋಡುತ್ತಾ ತಿಂದಳು. ಇದ್ದುದರಲ್ಲಿ ಸುಸೂತ್ರವಾಯಿತು ಎಂದುಕೊಂಡು ಹೊಳಪಪ್ಪ ಎಲ್ಲರ ತಟ್ಟೆಗೆ ಬಡಿಸುತ್ತಾ ಬಂದ. ಭಾವನಿಗೆ ಬಡಿಸಿದ, ಅಕ್ಕನಿಗೆ ಬಡಿಸಿದ, ಅತ್ತೆಗೆ ಬಡಿಸಲು ತಿರುಗಿದ. ಅತ್ತೆ ನಿಂತಿದ್ದ ಜಾಗದಲ್ಲಿ ಅತ್ತೆ ಇರಲಿಲ್ಲ. ಮೇಜಿನ ತುದಿಯ ಕುರ್ಚಿಯಲ್ಲಿ, ಬೆನ್ನು ಒರಗಿಸಿ, ಎರಡು ಕೈಗಳನ್ನೂ ಮಡಿಲಲ್ಲಿಟ್ಟು, ನೆಮ್ಮದಿಯಾಗಿ ಕೂತಿದ್ದರು.

“ನನಗೆ ಈ ಬಫೆ ಗಿಫೆ ಆಗಲ್ಲ ಅಳಿಯಂದಿರೇ. ಕುರ್ಚಿ ಇಷ್ಟು ಚೆನ್ನಾಗಿ ಮಾಡಿದೀರಿ, ಕೂರದೆ ಹೇಗಿರೋದು?”

ಹೊಳಪಪ್ಪನ ಕಣ್ಣು ಅವರ ಉಡುಪಿನ ಮೇಲೆ ಬಿತ್ತು. ಉಣ್ಣೆ. ದಪ್ಪ ಉಣ್ಣೆ. ಎರಡು ಕೋಟಿನಷ್ಟು ದಪ್ಪದ ವಾರ್ನಿಷ್. ಇವೆರಡೂ ಒಂದನ್ನೊಂದು ಹಿಡಿದವೆಂದರೆ ಬಿಡಿಸುವುದು ಹೇಗಿರುತ್ತದೆಂದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಇಷ್ಟು ಹೊತ್ತು ಯಾರನ್ನೂ ಕೂರಲು ಬಿಡದಿದ್ದವನಿಗೆ ಈಗ ಹೊಸ ಕೆಲಸ ಹುಟ್ಟಿತು, ಅತ್ತೆಯನ್ನು ಏಳಲು ಬಿಡದಿರುವುದು. ಅತ್ತೆ ನೀರಿಗೆಂದು ಕತ್ತು ತಿರುಗಿಸುವಷ್ಟರಲ್ಲಿ ನೀರಿನ ಲೋಟ ಬಾಯಿಯ ಹತ್ತಿರವಿತ್ತು. ಉಪ್ಪಿಗೆಂದು ಮುಂದೆ ಬಾಗುವಷ್ಟರಲ್ಲಿ ಉಪ್ಪು ತಟ್ಟೆಯಲ್ಲಿತ್ತು. ಕಾಲಿಗೆ ದಿಂಬು ಬಂತು, ಮಡಿಲಿಗೆ ಕಂಬಳಿ ಬಂತು. ಕನ್ನಡಕ ಒರೆಸಿ ಮೂಗಿನ ಮೇಲೇ ಇಟ್ಟ. ಅತ್ತೆಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಹಿತವಾಯಿತು. ಇಷ್ಟು ಉಪಚಾರ ಮಾಡುವ ಅಳಿಯ ನನಗಿದ್ದಾನೆಂದು ಗೊತ್ತೇ ಇರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. ಎರಡು ತಿಂಗಳು ಕೂತು ಉಡುಪು ಹೆಣೆದವಳು ತಾನು. ಅಮ್ಮನನ್ನು ಕೈಯಾರೆ ಉಪಚರಿಸುತ್ತಿರುವವನು ಇವನು. ಅಮ್ಮನ ಪಕ್ಕದ ಕುರ್ಚಿಯಲ್ಲಿ ಧಪ್ಪನೆ ಕೂತು, “ಅಮ್ಮಂಗೆ ಏನು ಬೇಕು ಅಂತ ನಂಗೆ ಗೊತ್ತು” ಅಂದಳು. ಇನ್ನು ಭಾವನನ್ನು ತಡೆಯುವ ಶಕ್ತಿ ಯಾರಿಗಿತ್ತು? ಇಬ್ಬರು ಕೂತದ್ದನ್ನು ಕಂಡ ಆ ದೊಡ್ಡ ಶರೀರ ಅಣೆಕಟ್ಟು ಒಡೆದಂತೆ ಮೂರನೆಯ ಕುರ್ಚಿಗೆ ಇಳಿಯಿತು. ಇಳಿದು ಒಂದು ನಿಟ್ಟುಸಿರು ಬಿಟ್ಟಿತು. ಹೊಳಪಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಲಿಲ್ಲ.

ಇನ್ನು ನಿಂತು ಉಳಿದವರು ಗಂಡ ಹೆಂಡತಿ ಇಬ್ಬರೇ. ಕೂತ ಮೂವರಿಗೆ ಓಡಾಡಿ ಬಡಿಸಿದರು. ಊಟ ಚೆನ್ನಾಗಿಯೇ ಆಯಿತು. ಕೇಕನ್ನು ಸ್ಟೂಲಿನ ಸಮೇತ ಹೊತ್ತು ತಂದರು. ಇದೂ ಹೊಸ ಪದ್ಧತಿಯಿರಬೇಕೆಂದು ಯಾರೂ ಏನೂ ಕೇಳಲಿಲ್ಲ. ಅತ್ತೆ ಕೂತಲ್ಲಿಂದಲೇ ಕತ್ತರಿಸಿದರು. ಎಲ್ಲರೂ ತಿಂದರು. ಆಮೇಲೆ ಆ ಗಳಿಗೆ ಬಂತು.

ಅತ್ತೆ ಬಾಯಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು. ಕಿರಿಯ ಮಗಳು ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಅವಚಿಕೊಂಡಳು. ಅತ್ತೆ ಎರಡು ಕೈಗಳನ್ನೂ ಮೇಜಿನ ಮೇಲೆ ಊರಿ ಎದ್ದರು. ಕುರ್ಚಿಯೂ ಎದ್ದಿತು.

ಪೂರ್ತಿ ಏನಲ್ಲ, ಹಿಂದಿನ ಎರಡು ಕಾಲು ಮಾತ್ರ. ಅತ್ತೆ ಕೂತರು. ಮತ್ತೆ ಎದ್ದರು. ಈ ಸಲ ನಾಲ್ಕೂ ಕಾಲು ನೆಲ ಬಿಟ್ಟವು. ಅವರು ಹಾಗೇ ಅರ್ಧ ಬಗ್ಗಿ ನಿಂತು, ಬೆನ್ನ ಹಿಂದೆ ಯಾರೋ ಹಿಡಿದುಕೊಂಡಿದ್ದಾರೇನೋ ಎಂದು ಕತ್ತು ತಿರುಗಿಸಿ ನೋಡಿದರು.

“ನಿಮ್ಮ ಮನೆ ಕುರ್ಚಿ ನನ್ನ ಜೊತೆ ಬರ್ತಿದೆ” ಅಂದರು.

ಅಕ್ಕ ಅಮ್ಮನನ್ನು ಹಿಡಿಯಲು ಧಾವಿಸಿ ಎದ್ದಳು. ಅವಳ ಕುರ್ಚಿಯೂ ಧಾವಿಸಿತು. ಎರಡು ಕುರ್ಚಿಗಳು ಡಿಕ್ಕಿ ಹೊಡೆದು ಟಕ್ಕೆಂದವು. ಅಭ್ಯಾಸಬಲದಿಂದ ಭಾವ ಕೂತಲ್ಲಿಂದಲೇ ಒಂದು ಕೈ ಚಾಚಿ ಅಕ್ಕನನ್ನು ನಿಲ್ಲಿಸಿ, ಇನ್ನೊಂದು ಕೈಯಿಂದ ಅತ್ತೆಗೆ ದಾರಿ ಬಿಟ್ಟರು. ತಾವು ಏಳಲು ಹೋಗಲೇ ಇಲ್ಲ. ಅವರಿಗೆ ಏಳುವ ಮನಸ್ಸೇ ಇರಲಿಲ್ಲ.

ಹೊಳಪಪ್ಪ ಓಡಿಬಂದು ಅತ್ತೆಯ ಹಿಂದೆ ಮಂಡಿಯೂರಿ, ಉಣ್ಣೆಯನ್ನು ಸೀಟಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದ. ಪರ್ ಪರ್ ಎಂದು ಶಬ್ದವಾಗುತ್ತಿತ್ತು. ಎರಡು ತಿಂಗಳ ಹೆಣಿಗೆ ಎಳೆಎಳೆಯಾಗಿ ಹೊರಗೆ ಬರುತ್ತಿತ್ತು. ಕುರ್ಚಿಗೆ ಮೆಲ್ಲಗೆ ಕಂದು ಬಣ್ಣದ ಕೂದಲು ಬೆಳೆಯುತ್ತಿತ್ತು. ಅತ್ತೆ ತಾಳ್ಮೆಗೆಟ್ಟು ಒಮ್ಮೆ ಜೋರಾಗಿ ಎಳೆದುಕೊಂಡರು. ಹೊಳಪಪ್ಪನ ಬಾಯಿಂದ, ಅವನ ಅನುಮತಿಯನ್ನೇ ಕೇಳದೆ, ಮಾತೊಂದು ಹೊರಬಿತ್ತು.

“ನಿಧಾನ ಅತ್ತೆ, ಪಾಲಿಶ್ ಹೋಗುತ್ತೆ.”

ಹೊರಗೆ ಮರದಿಂದ ಎಲೆ ಬಿದ್ದರೂ ಕೇಳುತ್ತಿತ್ತು. ಹೊಳಪಪ್ಪ ನಾಲಿಗೆ ಕಚ್ಚಿಕೊಂಡ, ಆದರೆ ನಾಲಿಗೆ ತನ್ನ ಕೆಲಸ ಮುಗಿಸಿಯಾಗಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಂಡಿಯೂರಿದ ಹಾಗೆಯೇ ಎಲ್ಲವನ್ನೂ ಒಪ್ಪಿಕೊಂಡ. ಕಿಟಕಿ ತೆರೆದದ್ದು, ಎಲೆ ಅಂಟಿದ್ದು, ಮಧ್ಯಾಹ್ನ ಮತ್ತೆ ಬಳಿದದ್ದು, ಹೆಂಡತಿ ಹೊಗಳಿದ್ದು, ಹೊಗಳಿದ್ದಕ್ಕೆ ಬಾಯಿ ಕಟ್ಟಿಹೋದದ್ದು, ಎಲ್ಲ. ಅತ್ತೆ ಬಗ್ಗಿ ನಿಂತೇ ಕೇಳಿದರು. ಕೇಳಿ ಮುಗಿದ ಮೇಲೆ, ಹೇಗೂ ಹಾಳಾಗಿದೆ, ನಿಂತೇನು ಪ್ರಯೋಜನ ಎನ್ನುವ ಹಾಗೆ ಮತ್ತೆ ಅದೇ ಕುರ್ಚಿಯಲ್ಲಿ ಕೂತುಬಿಟ್ಟರು.

ಅಕ್ಕನಿಗೆ ಮಾತು ಮರಳಿತು. ಅವಳು ಕುರ್ಚಿಯನ್ನು ಬೆನ್ನಿಗೆ ಹೊತ್ತುಕೊಂಡೇ, ತನ್ನ ಹೆಣಿಗೆ, ಅಮ್ಮನ ಮಂಡಿ, ಈ ಮನೆಯ ಗತಿ, ಒಂದನ್ನೂ ಬಿಡದೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅಮ್ಮ ಇವತ್ತೇ ತನ್ನ ಜೊತೆ ಹೊರಡಲಿ, ಪೆಟ್ಟಿಗೆ ಹೇಗೂ ಕಾರಿನಲ್ಲೇ ಇದೆ ಎಂದು ಮುಗಿಸಿದಳು. ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಿರಿಯವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಅಮ್ಮನ ಮೈಗಂಟಿದ್ದ ಎಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಹಿಂದಿನ ಕೋಣೆಯ ಹೊದಿಕೆಯನ್ನು ನಾಳೆ ಮಡಿಚಿ ಒಳಗಿಡಬೇಕೆಂದು ಅವಳು ಯೋಚಿಸುತ್ತಿದ್ದಾಳೆಂದು ಹೊಳಪಪ್ಪನಿಗೆ ಗೊತ್ತಾಯಿತು. ಅವನು ಆ ರಾತ್ರಿಯೇ ಬ್ರಶ್ಶುಗಳನ್ನೆಲ್ಲ ಒಲೆಗೆ ಹಾಕಲು ಸಿದ್ಧನಾದ.

ಅತ್ತೆ ಮಗಳ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಆ ಕೈ ಹಿಡಿದು ಪಕ್ಕಕ್ಕಿಟ್ಟು, ದೊಡ್ಡ ಮಗಳ ಕಡೆ ತಿರುಗಿದರು.

“ಕೂತ್ಕೊಂಡೇ ಹೇಳ್ತೀನಿ, ಈ ಸಲ ಏಳೋಕಾಗಲ್ಲ. ಇಷ್ಟು ವರ್ಷ, ನನ್ನ ಯಾರು ಚೆನ್ನಾಗಿ ನೋಡ್ಕೊತಾರೆ ಅಂತ ನೋಡಿ ಹೋಗ್ತಿದ್ದೆ. ನೀನು ಚೆನ್ನಾಗೇ ನೋಡ್ಕೊಂಡೆ, ಇಲ್ಲ ಅನ್ನಲ್ಲ. ನಿನ್ನ ಮನೇಲಿ ಎಲ್ಲ ಸರಿಯಾಗಿದೆ. ನಿನ್ನ ಗಂಡ ಕೂತ್ರೆ ಕೂತ ಕಡೆ ಇರ್ತಾನೆ.”

ಎಲ್ಲರೂ ಭಾವನತ್ತ ನೋಡಿದರು. ಭಾವ ಆಗಲೇ ತಲೆ ವಾಲಿಸಿ, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

“ಇವಳ ಕಷ್ಟ ನಂಗೆ ಗೊತ್ತೇ ಇರ್ಲಿಲ್ಲ” ಎಂದು ಅತ್ತೆ ಮುಂದುವರಿಸಿದರು. “ಇವತ್ತು ಕಣ್ಣಾರೆ ನೋಡಿದೆ. ಇಂಥ ಮನುಷ್ಯನ್ನ ಇವಳೊಬ್ಬಳ ತಲೆ ಮೇಲೆ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರುತ್ತಾ? ಇಬ್ರು ಬೇಕು ಇವನಿಗೆ. ಈ ಚಳಿಗಾಲ ನಾನು ಇಲ್ಲೇ ಇರ್ತೀನಿ.”

ಕಿರಿಯವಳು ಅಳಲು ಹೋಗಿ ನಕ್ಕಳು, ನಗಲು ಹೋಗಿ ಅತ್ತಳು, ಕೊನೆಗೆ ಎರಡನ್ನೂ ಒಟ್ಟಿಗೇ ಮಾಡುತ್ತಾ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಅಕ್ಕ ತಂಗಿಯ ಮುಖ ನೋಡಿ, ತನ್ನ ಕುರ್ಚಿಯ ಜೊತೆಗೇ ಕೂತಳು.

ಹೊಳಪಪ್ಪ ನೆಲದಿಂದ ಎದ್ದು ನಿಂತ. ಶಪಥ ಗೆದ್ದಿತ್ತು. ಗೆದ್ದವನ ಮುಖ ಹೇಗಿರಬೇಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ. ಮೊಣಕಾಲಿನ ಧೂಳು ಕೊಡವಿಕೊಂಡು, ಕೃತಜ್ಞತೆಯ ನಾಲ್ಕು ಮಾತಾಡೋಣವೆಂದು ಅತ್ತೆಯವರ ಮುಂದೆ ಬಂದ. ಅತ್ತೆ ಕೈಯೆತ್ತಿ ಅವನನ್ನು ತಡೆದರು.

“ಅಳಿಯಂದಿರೇ, ಕೆಳಗೆ ಹೋಗಿ ನನ್ನ ಪೆಟ್ಟಿಗೆ ತನ್ನಿ.”

“ಈಗಲೇ ತರ್ತೀನಿ ಅತ್ತೆ.”

“ತಂದು ನೆಲದ ಮೇಲಿಡಿ. ಇಟ್ಟ ಮೇಲೆ ಬೇರೆ ಏನೂ ಮಾಡಬೇಡಿ.”